ಆರಿಹೋದ ನಕ್ಷತ್ರಕ್ಕೆ ಸಾಕ್ಷಿ ಹೇಳಿದವರು

ರಮಝಾನ್ ಹತ್ತಿರವಾದ ಸಂಜೆ ಹುಬ್ಬಳ್ಳಿಯ ಮಾಳಿಗೆಗಳ ಮೇಲೆ ಜನ ಪಡುವಣಕ್ಕೆ ಮುಖ ಮಾಡಿ ನಿಲ್ಲುವುದನ್ನು ನಾವೆಲ್ಲ ಕಂಡಿದ್ದೇವೆ. ಆ ಮಸುಕು ಚಾಂದ್ ಎಲ್ಲರ ಕಣ್ಣಿಗೂ ಬೀಳುವುದಿಲ್ಲ. ಕಂಡೆನೆಂದವರನ್ನು ಹಿರಿಯರು ಕೇಳುತ್ತಾರೆ: ಎಷ್ಟು ಹೊತ್ತಿಗೆ? ಯಾವ ದಿಕ್ಕಿಗೆ? ಎಷ್ಟು ಎತ್ತರದಲ್ಲಿ? ಉತ್ತರ ಸರಿಯಿದ್ದರೆ ಒಬ್ಬರ ಮಾತನ್ನು ಊರೇ ನಂಬುತ್ತದೆ. ಇಂಥದೇ ಸಾಕ್ಷಿಯಿಂದ ಸತ್ತ ನಕ್ಷತ್ರವೊಂದರ ಗುರುತು ಸಿಕ್ಕ ಚರಿತ್ರೆ ಇಲ್ಲಿದೆ.

ಈಜಿಪ್ಟಿನ ಗೀಝಾದಲ್ಲಿ ರೊಟ್ಟಿ ಸುಡುವ ಬಡವನೊಬ್ಬನ ಮಗ ಅಲೀ ಇಬ್ನು ರಿದ್ವಾನ್. ಜ್ಯೋತಿಷ ಹೇಳಿ ನಾಲ್ಕು ಕಾಸು ಗಳಿಸಿ ವೈದ್ಯ ಕಲಿತ ಈತ ಮುಂದೆ ಫಾತಿಮಿ ಖಲೀಫರ ಆಸ್ಥಾನದ ಮುಖ್ಯ ವೈದ್ಯನಾದ. ಹಿಜರಿ 396, ಅಂದರೆ ಕ್ರಿ.ಶ. 1006ರಲ್ಲಿ, ಈತ ಇನ್ನೂ ವಿದ್ಯಾರ್ಥಿ. ಆಗ ಆಕಾಶದಲ್ಲಿ ಇದ್ದಕ್ಕಿದ್ದಂತೆ ಹೊಸ ನಕ್ಷತ್ರವೊಂದು ಬೆಳಗಿತು. ಗ್ರೀಕ್ ಪಂಡಿತ ಟಾಲೆಮಿಯ ಗ್ರಂಥಕ್ಕೆ ಬರೆದ ವ್ಯಾಖ್ಯಾನದಲ್ಲಿ ಇಬ್ನು ರಿದ್ವಾನ್ ಅದನ್ನು ದಾಖಲಿಸಿದ್ದಾನೆ. ಅದು ಶುಕ್ರಗ್ರಹಕ್ಕಿಂತ ಎರಡೂವರೆಯಿಂದ ಮೂರು ಪಟ್ಟು ದೊಡ್ಡದಾಗಿ ಕಂಡಿತು. ಅದರ ಬೆಳಕು ಚಂದ್ರನ ಬೆಳಕಿನ ಕಾಲು ಭಾಗಕ್ಕಿಂತ ತುಸು ಹೆಚ್ಚಿತ್ತು. ಅದು ಇದ್ದದ್ದು ವೃಶ್ಚಿಕ ರಾಶಿಯ 15ನೇ ಭಾಗದಲ್ಲಿ. ಜೊತೆಗೆ ಆ ದಿನ ಸೂರ್ಯನೂ ಗ್ರಹಗಳೂ ಎಲ್ಲೆಲ್ಲಿದ್ದವೆಂದೂ ಬರೆದಿಟ್ಟ.

ಆತ ಇನ್ನೊಂದನ್ನೂ ಬರೆದ. ಆ ನಕ್ಷತ್ರವನ್ನು ಯುದ್ಧಕ್ಕೂ ಬರಗಾಲಕ್ಕೂ ಗಂಟು ಹಾಕಿದ. ಆ ಕಾಲದ ವಿದ್ವಾಂಸರಲ್ಲಿ ಇದು ಅಪರೂಪವಾಗಿರಲಿಲ್ಲ. ಆದರೆ ಮುಸ್ಲಿಮರಿಗೆ ಈ ವಿಷಯದಲ್ಲಿ ಎಚ್ಚರಿಕೆಯ ಮಾತು ಮೊದಲೇ ಬಂದಿತ್ತು. ಪ್ರವಾದಿವರ್ಯರ(ಸ) ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡ ದಿನ ಸೂರ್ಯಗ್ರಹಣವಾಯಿತು. ಮಗುವಿನ ಸಾವಿಗೇ ಗ್ರಹಣವಾಯಿತೆಂದು ಜನ ಆಡಿಕೊಂಡರು. ಯಾರದೇ ಸಾವಿಗಾಗಲಿ ಹುಟ್ಟಿಗಾಗಲಿ ಗ್ರಹಣವಾಗುವುದಿಲ್ಲ, ಸೂರ್ಯಚಂದ್ರರು ಅಲ್ಲಾಹನ ದೃಷ್ಟಾಂತಗಳೆಂದು ಪ್ರವಾದಿವರ್ಯರು(ಸ) ತಿದ್ದಿದರು. ಮಗನನ್ನು ಕಳೆದುಕೊಂಡ ದುಃಖದಲ್ಲೂ ತಮಗೆ ಅನುಕೂಲವಾದ ಆ ಮಾತನ್ನು ಅವರು ನಿಲ್ಲಗೊಡಲಿಲ್ಲ.

ಇಬ್ನು ರಿದ್ವಾನನ ಭವಿಷ್ಯವಾಣಿಗೆ ಇಂದು ಬೆಲೆಯಿಲ್ಲ. ಕಣ್ಣಾರೆ ಕಂಡು ಬರೆದದ್ದಕ್ಕೆ ಬೆಲೆಯಿದೆ. 1965ರಲ್ಲಿ ಬರ್ನಾರ್ಡ್ ಗೋಲ್ಡ್‌ಸ್ಟೀನ್ ಎಂಬ ವಿದ್ವಾಂಸರು ಆ ಅರಬಿ ದಾಖಲೆಯನ್ನು ಖಗೋಳ ವಿಜ್ಞಾನಿಗಳ ಮುಂದಿಟ್ಟರು. ಗ್ರಹಗಳ ಸ್ಥಾನವನ್ನು ಹಿಂದಕ್ಕೆ ಲೆಕ್ಕ ಹಾಕಿದಾಗ ಅದು 1006ರ ಏಪ್ರಿಲ್ 30ರ ಆಕಾಶವೆಂದು ತಿಳಿಯಿತು. ಅದೇ ವರ್ಷ ಆಸ್ಟ್ರೇಲಿಯಾದ ರೇಡಿಯೊ ದೂರದರ್ಶಕದ ಮೂಲಕ ಆ ಸ್ಫೋಟದ ಅವಶೇಷವನ್ನು ಗುರುತಿಸಲಾಯಿತು. ಸುಮಾರು 7,000 ಜ್ಯೋತಿರ್ವರ್ಷ ದೂರದ ಆ ಅನಿಲದ ಬಳೆ ಆಕಾಶದಲ್ಲಿ ಹುಣ್ಣಿಮೆ ಚಂದ್ರನಷ್ಟು ಅಗಲವಿದೆ. ಆದರೆ ಬರಿಗಣ್ಣಿಗೆ ಕಾಣದಷ್ಟು ಮಸುಕು.

ಇಬ್ನು ರಿದ್ವಾನನಿಗೆ ಒಬ್ಬ ಬದ್ಧ ಎದುರಾಳಿಯಿದ್ದ: ಬಗ್ದಾದಿನ ಕ್ರೈಸ್ತ ವೈದ್ಯ ಇಬ್ನು ಬುತ್ಲಾನ್. ಕೋಳಿಮರಿಯ ಪ್ರಕೃತಿ ಹೆಚ್ಚು ಉಷ್ಣವೋ ಬೇರೆ ಹಕ್ಕಿಮರಿಯದೋ ಎಂಬಲ್ಲಿಂದ ಶುರುವಾದ ಅವರ ಜಗಳ ಬೈಗುಳದವರೆಗೆ ಹೋಯಿತು. ಕೊನೆಗೆ ಇಬ್ನು ಬುತ್ಲಾನ್ ಕೈರೋ ಬಿಟ್ಟು ಕಾನ್‌ಸ್ಟಾಂಟಿನೋಪಲ್ ಸೇರಿದ. ಹಿಜರಿ 446ರಲ್ಲಿ (ಕ್ರಿ.ಶ. 1054) ಮಿಥುನ ರಾಶಿಯಲ್ಲಿ ಹೊಸ ನಕ್ಷತ್ರ ಕಂಡಿತೆಂದು ಬರೆದವನು ಅವನೇ. ಇಬ್ನು ಅಬೀ ಉಸೈಬಿಅ ತನ್ನ ವೈದ್ಯರ ಚರಿತ್ರೆಯಲ್ಲಿ ಆ ಮಾತನ್ನು ಉಳಿಸಿದ. ಚೀನೀಯರೂ ಅದನ್ನು ಕಂಡು ಬರೆದಿದ್ದರು. ಅದರ ಅವಶೇಷವೇ ಇಂದಿನ ಏಡಿ ನೀಹಾರಿಕೆ. ಅದರ ನಡುವೆ ಸತ್ತ ನಕ್ಷತ್ರದ ತಿರುಳು ಸೆಕೆಂಡಿಗೆ ಸುಮಾರು 30 ಸುತ್ತು ತಿರುಗುತ್ತಿದೆ. ಯಾವುದರಲ್ಲೂ ಒಮ್ಮತವಿಲ್ಲದ ಇಬ್ಬರು ಒಂದೊಂದು ನಕ್ಷತ್ರಕ್ಕೆ ಸಾಕ್ಷಿಯಾದರು.

ನಮ್ಮ ಆಕಾಶಗಂಗೆಯಲ್ಲಿ ಇಂಥ ಸ್ಫೋಟವನ್ನು ಜನ ಬರಿಗಣ್ಣಿನಿಂದ ಕಂಡದ್ದು 1604ರಲ್ಲಿ ಕೊನೆ. ಆಗ ಬಿಜಾಪುರದಲ್ಲಿ ಎರಡನೇ ಇಬ್ರಾಹೀಮ್ ಆದಿಲ್‌ಶಾಹನ ಆಳ್ವಿಕೆ. ಅಂದಿನಿಂದ ವಿಜ್ಞಾನಿಗಳು ದೂರದ ಬೇರೆ ನಕ್ಷತ್ರಲೋಕಗಳಲ್ಲಿ ಮಿಣುಕುವ ಮಸುಕು ಚುಕ್ಕಿಗಳನ್ನೇ ಹುಡುಕಬೇಕಾಗಿದೆ. ಆ ಕೆಲಸ ನಮ್ಮ ರಾಜ್ಯದಲ್ಲೂ ನಡೆಯುತ್ತದೆ. ಲಡಾಖಿನ ಹಾನ್ಲೆಯಲ್ಲಿ, ಸುಮಾರು 4,500 ಮೀಟರ್ ಎತ್ತರದಲ್ಲಿ, 2000ದಲ್ಲಿ ಕಣ್ಣು ತೆರೆದ ಎರಡು ಮೀಟರ್ ಅಗಲದ ಹಿಮಾಲಯನ್ ಚಂದ್ರ ದೂರದರ್ಶಕವಿದೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ಅದನ್ನು ಹೊಸಕೋಟೆಯಲ್ಲಿ ಕುಳಿತು ಉಪಗ್ರಹ ಸಂಪರ್ಕದ ಮೂಲಕ ನಡೆಸುತ್ತಾರೆ.

2023ರ ಮೇ 19ರಂದು ಜಪಾನಿನ ಹವ್ಯಾಸಿ ವೀಕ್ಷಕ ಕೋಯಿಚಿ ಇಟಗಾಕಿ, ಎರಡು ಕೋಟಿ ಜ್ಯೋತಿರ್ವರ್ಷಕ್ಕೂ ದೂರದ ಎಂ 101 ನಕ್ಷತ್ರಲೋಕದಲ್ಲಿ ಹೊಸ ಚುಕ್ಕಿಯೊಂದನ್ನು ಕಂಡರು. ಹಾನ್ಲೆಯ ದೂರದರ್ಶಕವೂ ಅದರತ್ತ ತಿರುಗಿತು. ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ನೋಡಿದಾಗ ಹೈಡ್ರೋಜನ್ ಗುರುತು ಕಂಡಿತು: ಸತ್ತದ್ದು ಸೂರ್ಯನಿಗಿಂತ ಹಲವು ಪಟ್ಟು ಭಾರದ ನಕ್ಷತ್ರ. ಮನೆಯಲ್ಲಿ ಯಾರಾದರೂ ತೀರಿಕೊಂಡಾಗ ಹಳೆಯ ಫೋಟೊ ಹುಡುಕುವಂತೆ, ವಿಜ್ಞಾನಿಗಳು ಬಾಹ್ಯಾಕಾಶ ದೂರದರ್ಶಕಗಳ ಹಳೆಯ ಚಿತ್ರಗಳನ್ನು ತೆಗೆದರು. ಅದೇ ಜಾಗದಲ್ಲಿ ಧೂಳು ಹೊದ್ದ ಕೆಂಪು ಮಹಾದೈತ್ಯ ನಕ್ಷತ್ರವೊಂದು ಸಿಕ್ಕಿತು. ಮುಂದೆ ಬೇಕಾದೀತೆಂದು ತಿಳಿಯದೆ ತೆಗೆದಿಟ್ಟ ಚಿತ್ರಗಳೇ ಸಾಕ್ಷಿ ಹೇಳಿದವು.

ಮುಪ್ಪಾದ ಇಂಥದೇ ನಕ್ಷತ್ರ ನಮ್ಮ ಮಾಳಿಗೆಯಿಂದಲೂ ಕಾಣುತ್ತದೆ. ಧಾರವಾಡದ ರೈತರು ಆರಿದ್ರಾ ಮಳೆ ಎನ್ನುವುದು ಯಾವ ನಕ್ಷತ್ರದ ಹೆಸರಿನಿಂದಲೋ ಆ ಆರ್ದ್ರಾವನ್ನು ಅರಬರು ಯದುಲ್ ಜೌಝಾ ಎಂದರು. ಯುರೋಪಿನವರ ಬಾಯಲ್ಲಿ ಅದೇ ಬೀಟಲ್‌ಜ್ಯೂಸ್ ಆಯಿತು. 2019ರ ಕೊನೆಗೆ ಅದು ಮಂಕಾಗತೊಡಗಿದಾಗ ಈಗಲೇ ಸಿಡಿಯುತ್ತದೆಂಬ ಸುದ್ದಿ ಹಬ್ಬಿತ್ತು. ಅಡ್ಡ ಬಂದದ್ದು ಅದೇ ಉಗುಳಿದ ಧೂಳಿನ ಮೋಡ. 2020ರಲ್ಲಿ ಅದು ಮತ್ತೆ ಬೆಳಗಿತು. ಅದು ಸಿಡಿಯುವುದು ಖಚಿತ. ಯಾವಾಗ ಎಂಬುದನ್ನು ಅಲ್ಲಾಹನೇ ಬಲ್ಲ.

ಜನವರಿಯ ಇರುಳು ಇಶಾ ನಮಾಝ್ ಮುಗಿಸಿ ಬಂದು ಮಕ್ಕಳನ್ನು ಮಾಳಿಗೆಗೆ ಕರೆದೊಯ್ಯಿರಿ. ಪೂರ್ವದ ಕಡೆ ಎತ್ತರದಲ್ಲಿರುವ ಆ ಕೆಂಪು ಚುಕ್ಕಿಯನ್ನು ತೋರಿಸಿ, ಅಕ್ಕಪಕ್ಕದ ನಕ್ಷತ್ರಗಳಿಗಿಂತ ಎಷ್ಟು ಬೆಳಗುತ್ತಿದೆಯೆಂದು ತಾರೀಖಿನ ಸಮೇತ ಒಂದು ವಹಿಯಲ್ಲಿ ಬರೆಸಿಡಿ.