ಗೃದ್ಧ್ರಪಿಂಛದಿಂದ ರಂಗನತಿಟ್ಟಿಗೆ: ಸಾಲಿಂ ಅಲಿಯವರ ಮೈಸೂರು ಪಕ್ಷಿಸಮೀಕ್ಷೆಯ ಐತಿಹಾಸಿಕ ಸ್ಥಾನ

ಶ್ರವಣಬೆಳಗೊಳದ ಶಾಸನಗಳು ಜೈನ ಗುರುಪರಂಪರೆಯ ಇತಿಹಾಸಕ್ಕೆ ಮುಖ್ಯ ಆಧಾರಗಳೆಂಬುದು ವಿದ್ವಾಂಸರಿಗೆ ವಿದಿತವಾದ ವಿಷಯ. 1889ರಲ್ಲಿ ಬಿ. ಎಲ್. ರೈಸರೂ 1923ರಲ್ಲಿ ಪರಿಷ್ಕೃತ ರೂಪದಲ್ಲಿ ಆರ್. ನರಸಿಂಹಾಚಾರ್ಯರೂ ಪ್ರಕಟಿಸಿದ ಈ ಶಾಸನಗಳ ಪೈಕಿ 12ನೆಯ ಶತಮಾನದ ಕೆಲವು, ಉಮಾಸ್ವಾತಿಯನ್ನು ಗೃದ್ಧ್ರಪಿಂಛನೆಂದೂ ಆತನ ಶಿಷ್ಯನನ್ನು ಬಲಾಕಪಿಂಛನೆಂದೂ ಹೆಸರಿಸುತ್ತವೆ. ಗೃದ್ಧ್ರವೆಂದರೆ ರಣಹದ್ದು, ಬಲಾಕವೆಂದರೆ ಕೊಕ್ಕರೆಯ ಜಾತಿಯ ಹಕ್ಕಿ. ಕ್ರಿಮಿಕೀಟಗಳಿಗೆ ಹಿಂಸೆಯಾಗದಂತೆ ನೆಲವನ್ನು ಸವರಲು ದಿಗಂಬರ ಮುನಿಗಳು ಹಿಡಿಯುವ ಪಿಂಛವನ್ನು ನವಿಲು ತಾನಾಗಿ ಉದುರಿಸಿದ ಗರಿಗಳಿಂದ ಕಟ್ಟುವುದು ಸಂಪ್ರದಾಯ. ಹಕ್ಕಿಯ ಗರಿಯನ್ನು ದಯೆಯ ಕುರುಹಾಗಿ ಮಾಡಿಕೊಂಡ ಈ ನಾಡಿನಲ್ಲಿ ಹಕ್ಕಿಯ ರಕ್ಷಣೆಯು ಆಡಳಿತದ ವಿಷಯವಾದುದು ಯಾವಾಗ, ಯಾವ ಬಗೆಯ ಅರಿವಿನಿಂದ ಎಂಬುದನ್ನು ಇಲ್ಲಿ ಸಂಗ್ರಹವಾಗಿ ವಿಚಾರಿಸಲು ನಾವು ಉದ್ದೇಶಿಸಿದ್ದೇವೆ.

ಈ ವಿಚಾರದಲ್ಲಿ ಮೊದಲು ಸ್ಮರಿಸಬೇಕಾದ ಹೆಸರು ಸಾಲಿಂ ಅಲಿಯವರದು. 1896ರಲ್ಲಿ ಮುಂಬಯಿಯಲ್ಲಿ ಜನಿಸಿದ ಇವರು ಬಾಲ್ಯದಲ್ಲಿ ಬೇಟೆಯ ಹುಚ್ಚಿನವರು. ತಾವು ಗಾಳಿಕೋವಿಯಿಂದ ಹೊಡೆದ, ಕತ್ತಿನಲ್ಲಿ ಹಳದಿ ಮಚ್ಚೆಯಿದ್ದ ಗುಬ್ಬಿಯೊಂದರ ಗುರುತನ್ನು ತಿಳಿಯಲೆಂದು ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋದುದೇ ಇವರ ಜೀವಿತದ ದಿಕ್ಕನ್ನು ಬದಲಿಸಿತು. ತರುವಾಯ ಬರ್ಲಿನ್ನಿನಲ್ಲಿ ಸ್ಟ್ರೆಸೆಮನ್ನರ ಬಳಿ ಅಭ್ಯಾಸ ಮಾಡಿ ಹಿಂದಿರುಗಿ, ಗೀಜಗದ ಗೂಡುಕಟ್ಟುವಿಕೆಯನ್ನು ಪರಿಶೀಲಿಸಿ, ದೇಶೀಯ ಸಂಸ್ಥಾನಗಳ ಪಕ್ಷಿಸಮೀಕ್ಷೆಗೆ ತೊಡಗಿದರು. ಹೈದರಾಬಾದು, ತಿರುವಾಂಕೂರು ಮತ್ತು ಕೊಚ್ಚಿಗಳ ಅನಂತರ 1939–40ರಲ್ಲಿ ಮೈಸೂರಿನ ಸರದಿ ಬಂದಿತು. ಇದರ ಫಲಿತಾಂಶಗಳು ಹ್ಯೂ ವ್ಹಿಸ್ಲರರ ಟಿಪ್ಪಣಿಗಳೊಡನೆ ಸೊಸೈಟಿಯ ಪತ್ರಿಕೆಯಲ್ಲಿ 1942–43ರಲ್ಲಿ ಪ್ರಕಟವಾದವು.

ಇಲ್ಲಿ ಒಂದು ಆಕ್ಷೇಪವನ್ನು ಮರೆಮಾಚುವುದು ಉಚಿತವಲ್ಲ. ಆ ಕಾಲದ ಸಮೀಕ್ಷೆಯೆಂದರೆ ಹಕ್ಕಿಗಳನ್ನು ಕೋವಿಯಿಂದ ಹೊಡೆದು, ಚರ್ಮವನ್ನು ಸುಲಿದು, ಸ್ಥಳವನ್ನೂ ದಿನಾಂಕವನ್ನೂ ಬರೆದ ಚೀಟಿಯೊಡನೆ ಸಂಗ್ರಹಿಸುವುದೇ ಆಗಿದ್ದಿತು. ಉದುರಿದ ಗರಿಯನ್ನು ಮಾತ್ರ ಸ್ವೀಕರಿಸುವ ಬೆಳಗೊಳದ ದೃಷ್ಟಿಗೂ ಈ ಪದ್ಧತಿಗೂ ಇರುವ ಅಂತರ ಸ್ಪಷ್ಟವಾಗಿದೆ. ಆದರೆ ಯಾವ ಹಕ್ಕಿ ಎಲ್ಲಿ, ಯಾವ ಋತುವಿನಲ್ಲಿ ಇದ್ದಿತೆಂಬ ವ್ಯವಸ್ಥಿತ ಲೆಕ್ಕವು ಮೈಸೂರು ಸೀಮೆಗೆ ದೊರೆತುದು ಈ ಶ್ರಮದಿಂದಲೇ ಎಂಬುದೂ ಅಷ್ಟೇ ನಿಜ.

ಆ ಅರಿವಿನ ಮೊದಲ ಫಲವು ರಂಗನತಿಟ್ಟು. ಹೊಳೆನರಸೀಪುರದ ಬಳಿ ಹರಿಯುವ ಹೇಮಾವತಿಯು ಕೃಷ್ಣರಾಜಸಾಗರದಲ್ಲಿ ಕಾವೇರಿಯನ್ನು ಸೇರುತ್ತದೆ. ಅಲ್ಲಿಂದ ಕೆಳಗೆ ಶ್ರೀರಂಗಪಟ್ಟಣದ ಸಮೀಪದಲ್ಲಿ ಈ ತಿಟ್ಟುಗಳಿವೆ. 1645–48ರ ಅವಧಿಯಲ್ಲಿ ಕಂಠೀರವ ನರಸರಾಜ ಒಡೆಯರು ಕಟ್ಟಿಸಿದ ಒಡ್ಡಿನಿಂದ ಇವು ಉಂಟಾದುವೆಂದು ಹೇಳುತ್ತಾರೆ. ಬೇಸಾಯಕ್ಕಾಗಿ ತಡೆದ ನೀರೇ ಹೀಗೆ ಹಕ್ಕಿಗಳಿಗೆ ಆಶ್ರಯವನ್ನೂ ನಿರ್ಮಿಸಿತು. ಬಾಯ್ಕಳಕ, ಚಮಚದ ಕೊಕ್ಕಿನ ಹಕ್ಕಿ, ಬೆಳ್ಳಕ್ಕಿ ಮೊದಲಾದವು ಇಲ್ಲಿ ಗೂಡುಕಟ್ಟುವುದನ್ನು ಕಂಡ ಸಾಲಿಂ ಅಲಿಯವರು ಸಂಸ್ಥಾನದ ಅರಸರಿಗೆ ಇದರ ಮಹತ್ತ್ವವನ್ನು ಮನಗಾಣಿಸಿದರು. 1940ರಲ್ಲಿ ಇದು ಪಕ್ಷಿಧಾಮವೆಂದು ಘೋಷಿತವಾಯಿತು. 2022ರಲ್ಲಿ ರಾಮ್ಸಾರ್ ಒಪ್ಪಂದದ ಪಟ್ಟಿಗೂ ಸೇರಿತು.

ಆದರೆ ರಾಜಾಜ್ಞೆಯೊಂದೇ ಮಾರ್ಗವೆಂದು ಭಾವಿಸಲಾಗದು. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಮನೆಗಳ ನಡುವಣ ಹುಣಸೆಯ ಮರಗಳಲ್ಲಿಯೇ ಮರಿಮಾಡುತ್ತವೆ. ಯಾವ ಕಾನೂನೂ ಇಲ್ಲದಾಗ ಇವನ್ನು ಕಾಪಾಡಿದವರು ಊರಿನವರೇ. 1976ರಲ್ಲಿ ಅರಣ್ಯಾಧಿಕಾರಿಗಳಾಗಿದ್ದ ಎಸ್. ಜಿ. ನೇಗಿನಹಾಳರು ಇದನ್ನು ಗುರುತಿಸಿ ವಿದ್ವತ್ಪ್ರಪಂಚಕ್ಕೆ ತಿಳಿಸಿದರು. ಹಕ್ಕಿಗಳು ಕುಳಿತ ಮರದ ಫಸಲನ್ನು ಕಳೆದುಕೊಳ್ಳುವ ರೈತರಿಗೆ ಅರಣ್ಯ ಇಲಾಖೆಯು ಪರಿಹಾರ ಕೊಡುವ ಪದ್ಧತಿಯೂ ತರುವಾಯ ಬಂದಿತು. ದಯೆಯ ಭಾರವು ಬಡವನ ಹೆಗಲ ಮೇಲೆ ಮಾತ್ರ ಬೀಳಬಾರದೆಂಬ ನ್ಯಾಯವು ಇದರಲ್ಲಿ ಅಡಗಿದೆ.

ಇನ್ನು ಗೃದ್ಧ್ರದ ವಿಷಯ. 1990ರ ದಶಕದಿಂದೀಚೆಗೆ ಭಾರತದ ಮುಖ್ಯ ರಣಹದ್ದಿನ ಜಾತಿಗಳು ನೂರಕ್ಕೆ ತೊಂಬತ್ತೈದಕ್ಕೂ ಮಿಕ್ಕು ನಾಶವಾದವು. ಇವನ್ನು ಯಾರೂ ಹಗೆಯಿಂದ ಕೊಲ್ಲಲಿಲ್ಲ. ದನಗಳ ನೋವನ್ನು ಶಮನಗೊಳಿಸಲು ಕೊಟ್ಟ ಡೈಕ್ಲೋಫೆನಾಕ್ ಎಂಬ ಔಷಧವು ಸತ್ತ ದನದ ಮಾಂಸದ ಮೂಲಕ ಹದ್ದುಗಳ ಮೂತ್ರಪಿಂಡಗಳನ್ನು ಕೆಡಿಸಿತು. ಭರತಪುರದಲ್ಲಿ ವಿಭು ಪ್ರಕಾಶರು ಹಿಂದೆ ಮಾಡಿದ್ದ ಎಣಿಕೆಯಿದ್ದುದರಿಂದಲೇ ಅಲ್ಲಿನ ಕುಸಿತವು ಗೋಚರವಾಯಿತು. ಆ ವರದಿಯು 1999ರಲ್ಲಿ ಪ್ರಕಟವಾದುದು ಮೈಸೂರು ಸಮೀಕ್ಷೆಯನ್ನು ಅಚ್ಚುಮಾಡಿದ ಅದೇ ಪತ್ರಿಕೆಯಲ್ಲಿ. ಪಶುಚಿಕಿತ್ಸೆಯಲ್ಲಿ ಆ ಔಷಧವನ್ನು 2006ರಲ್ಲಿ ನಿಷೇಧಿಸಲಾಯಿತು. 2012ರಲ್ಲಿ ರಾಮನಗರದ ರಾಮದೇವರಬೆಟ್ಟವು ರಣಹದ್ದುಗಳ ಧಾಮವಾಯಿತು.

ಇದರಿಂದ ನಮಗೆ ತೋರುವ ನಿರ್ಣಯವಿಷ್ಟು. ಹದ್ದುಗಳನ್ನು ಕೊಂದುದು ಕ್ರೌರ್ಯವಲ್ಲ, ಅರಿವಿಲ್ಲದ ಅನುಕಂಪ. ದಯೆಯು ಹಕ್ಕಿಯನ್ನು ನೋಯಿಸದಿರಲು ಕಲಿಸಿತು. ಅದು ಕಡಮೆಯಾಗುತ್ತಿದೆಯೆಂದು ತಿಳಿಸಿದುದು ಲೆಕ್ಕ. 1987ರಲ್ಲಿ ಕಾಲವಾದ ಸಾಲಿಂ ಅಲಿಯವರ ದೀರ್ಘ ಜೀವಿತದ ಸಾರವು ಈ ಲೆಕ್ಕವನ್ನು ತಪ್ಪದೆ ಇಟ್ಟುದರಲ್ಲಿದೆ. ಹಾಸನ ಸೀಮೆಯ ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ತಮ್ಮ ಊರಿನ ಒಂದೊಂದು ಕೆರೆಯ ಹಕ್ಕಿಗಳನ್ನು ವರ್ಷವರ್ಷವೂ ಎಣಿಸಿ ಬರೆದಿಟ್ಟರೆ, ಅದೂ ಮುಂದಿನವರಿಗೆ ಶಾಸನದಂತೆಯೇ ಆಧಾರವಾಗುವುದು. ಬೆಳಗೊಳದ ಕಲ್ಲಿನ ಮೇಲೆ ಉಳಿದಿರುವ ಗೃದ್ಧ್ರವೂ ಬಲಾಕವೂ ಆಕಾಶದಲ್ಲಿಯೂ ಉಳಿಯಬೇಕಾದರೆ ಬೇರೆ ದಾರಿಯಿಲ್ಲ.