ಶಿಕ್ಷಣದ ಹಕ್ಕಿನ ಹಾದಿಯಲ್ಲಿ ನಮ್ಮ ತುಮಕೂರು



ನಾನು ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕ, ಕಾನೂನು ಓದಿದವನಲ್ಲ. ಆದರೂ ಈ ಸಲದ ಸಂಚಿಕೆಗೆ ಒಂದು ಕಾನೂನಿನ ಚರಿತ್ರೆಯನ್ನು ಬರೆಯಲು ಹೊರಟಿದ್ದೇನೆ. ಅದಕ್ಕೆ ಕಾರಣ ನಮ್ಮ ಕೊರಟಗೆರೆಯ ಒಬ್ಬ ವಿದ್ಯಾರ್ಥಿನಿ ಕೇಳಿದ ಪ್ರಶ್ನೆ.

ಒಂದು ದಿನ ಸಮಾಜ ವಿಜ್ಞಾನದ ಶಿಕ್ಷಕರು ತರಬೇತಿಗೆ ಹೋಗಿದ್ದರು. ಅವರ ಅವಧಿಗಳು ನನ್ನ ಪಾಲಿಗೆ ಬಂದವು. ಒಂಬತ್ತನೇ ತರಗತಿಯಲ್ಲಿ ಮೂಲಭೂತ ಹಕ್ಕುಗಳ ವಿಷಯ ತೆಗೆದುಕೊಂಡೆ. ಹಕ್ಕುಗಳನ್ನು ಒಂದೊಂದಾಗಿ ಕಪ್ಪು ಹಲಗೆಯ ಮೇಲೆ ಬರೆದು 21ಎ ವಿಧಿಗೆ ಬಂದೆ. 6ರಿಂದ 14 ವರ್ಷದ ಎಲ್ಲ ಮಕ್ಕಳಿಗೂ ಉಚಿತ ಮತ್ತು ಕಡ್ಡಾಯ ಶಿಕ್ಷಣ ಎಂದು ವಿವರಿಸಿದೆ. ಆಗ ಹಿಂದಿನ ಸಾಲಿನಿಂದ ಒಬ್ಬಳು ಎದ್ದು ನಿಂತಳು.

"ಸರ್, ನನಗೆ ಹೋದ ತಿಂಗಳು ಹದಿನಾಲ್ಕು ತುಂಬಿತು. ಹಾಗಾದ್ರೆ ನನ್ನ ಹಕ್ಕು ಮುಗೀತಾ?"

ತರಗತಿಯೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. ಅವಳ ಅಕ್ಕ ಎಂಟನೇ ತರಗತಿಗೇ ಶಾಲೆ ಬಿಟ್ಟು, ಮನೆಯಲ್ಲಿ ಕೂಲಿಗೆ ಹುಣಸೆಹಣ್ಣು ಬಿಡಿಸುತ್ತಿದ್ದಾಳೆಂದು ನನಗೆ ಗೊತ್ತಿತ್ತು. ತಂಗಿಯ ವಿಷಯದಲ್ಲೂ ಮನೆಯಲ್ಲಿ ಅದೇ ಮಾತು ನಡೆದಿತ್ತು. "ನಾಳೆ ಹೇಳುತ್ತೇನಮ್ಮ, ಕೂತ್ಕೋ" ಎಂದೆ. ಅಂದು ರಾತ್ರಿ ಓದಲು ಕುಳಿತಾಗ ಆ ಪ್ರಶ್ನೆಯ ಉತ್ತರದ ಒಂದು ಭಾಗ ನಮ್ಮ ಜಿಲ್ಲಾ ಕೇಂದ್ರದಲ್ಲೇ ಇದೆಯೆಂದು ತಿಳಿದು ಆಶ್ಚರ್ಯವಾಯಿತು.

ಹದಿನಾಲ್ಕು ಎಂಬ ಅಂಕಿ ಎಲ್ಲಿಂದ ಬಂತು?

ಎಲ್ಲ ಮಕ್ಕಳಿಗೂ ಶಿಕ್ಷಣ ಸಿಗಬೇಕೆಂಬ ಬೇಡಿಕೆ ಹೊಸದಲ್ಲ. ಮಹಾತ್ಮ ಜ್ಯೋತಿಬಾ ಫುಲೆಯವರು 1882ರಲ್ಲಿ ಹಂಟರ್ ಆಯೋಗದ ಮುಂದೆ ಇದನ್ನು ಮಂಡಿಸಿದ್ದರು. ಗೋಪಾಲಕೃಷ್ಣ ಗೋಖಲೆಯವರು 1911ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಮಸೂದೆ ತಂದರು. ಬ್ರಿಟಿಷ್ ಸರ್ಕಾರದ ಶಾಸನ ಸಭೆಯಲ್ಲಿ ಅದು ಮರುವರ್ಷ ಬಿದ್ದುಹೋಯಿತು. ಆದರೆ ನಮ್ಮ ಮೈಸೂರು ಸಂಸ್ಥಾನದಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲೇ ಪ್ರಾಥಮಿಕ ಶಿಕ್ಷಣದ ಶಾಸನ ಬಂದು ಆಯ್ದ ಊರುಗಳಲ್ಲಿ ಕಡ್ಡಾಯ ಶಿಕ್ಷಣ ಆರಂಭವಾಯಿತು. ಆಗ ಕಡ್ಡಾಯವಾಗಿದ್ದು ಗಂಡುಮಕ್ಕಳಿಗೆ ಎಂಬುದನ್ನೂ ನಾವು ಮರೆಯಬಾರದು.

ಸ್ವಾತಂತ್ರ್ಯ ಬರುವ ಹೊತ್ತಿಗೆ ಸಂವಿಧಾನ ರಚನೆಯ ಕೆಲಸ ಶುರುವಾಗಿತ್ತು. ಮೂಲಭೂತ ಹಕ್ಕುಗಳ ಉಪಸಮಿತಿ ಶಿಕ್ಷಣವನ್ನು ನ್ಯಾಯಾಲಯದಲ್ಲಿ ಕೇಳಿ ಪಡೆಯಬಹುದಾದ ಹಕ್ಕುಗಳ ಪಟ್ಟಿಯಲ್ಲೇ ಇಟ್ಟಿತ್ತು. 1947ರಲ್ಲಿ ಸಲಹಾ ಸಮಿತಿ ಅದನ್ನು ಅಲ್ಲಿಂದ ತೆಗೆದು ನಿರ್ದೇಶಕ ತತ್ವಗಳ ಕಡೆಗೆ ಸರಿಸಿತು. ಅಂದರೆ ಸರ್ಕಾರ ಪ್ರಯತ್ನಿಸಬೇಕು, ಆದರೆ ಪ್ರಜೆ ಕೋರ್ಟಿಗೆ ಹೋಗುವಂತಿಲ್ಲ.

1948ರ ನವೆಂಬರ್ 23ರಂದು ಸಂವಿಧಾನ ಸಭೆಯಲ್ಲಿ ಈ ವಿಧಿ ಚರ್ಚೆಗೆ ಬಂತು. 'ಶಿಕ್ಷಣ' ಎಂಬಲ್ಲಿ 'ಪ್ರಾಥಮಿಕ ಶಿಕ್ಷಣ' ಎಂದು ಸೇರಿಸಬೇಕೆಂದು ಸದಸ್ಯ ನಜೀರುದ್ದೀನ್ ಅಹ್ಮದ್ ತಿದ್ದುಪಡಿ ಸೂಚಿಸಿದರು. ಡಾ. ಅಂಬೇಡ್ಕರ್ ಒಪ್ಪಲಿಲ್ಲ. ಹದಿನಾಲ್ಕು ವರ್ಷದೊಳಗಿನ ಮಗುವನ್ನು ಕೆಲಸಕ್ಕೆ ಹಚ್ಚಬಾರದೆಂದು ಇನ್ನೊಂದು ವಿಧಿಯಲ್ಲಿ ಹೇಳಿದ್ದೇವೆ. ಕೆಲಸಕ್ಕೆ ಹೋಗದ ಮಗು ಆ ವಯಸ್ಸಿನವರೆಗೂ ಶಾಲೆಯಲ್ಲೇ ಇರಬೇಕು ಎಂಬುದು ಅವರ ವಾದದ ಸಾರ. ಹಾಗೆ ದುಡಿಮೆಯ ನಿಷೇಧಕ್ಕೂ ಶಾಲೆಯ ಭರವಸೆಗೂ ಒಂದೇ ವಯಸ್ಸು ನಿಂತಿತು. ಸಂವಿಧಾನ ಜಾರಿಯಾದ ಹತ್ತು ವರ್ಷಗಳೊಳಗೆ ಇದನ್ನು ಸಾಧಿಸಲು ಪ್ರಯತ್ನಿಸಬೇಕೆಂದು 45ನೇ ವಿಧಿ ಹೇಳಿತು. ಆ ಗಡುವು 1960ರಲ್ಲಿ ಮುಗಿಯಿತು. ಕೆಲಸ ಮುಗಿದಿರಲಿಲ್ಲ.

ಮೀರತ್‌ನ ವಿದ್ಯಾರ್ಥಿನಿ, ತುಮಕೂರಿನ ಕಾಲೇಜು

ಇನ್ನು ನಮ್ಮ ಜಿಲ್ಲೆಯ ಕಥೆಗೆ ಬರೋಣ. ಕರ್ನಾಟಕದಲ್ಲಿ ಡೊನೇಷನ್ ಹಾವಳಿ ತಡೆಯಲು 1984ರಲ್ಲಿ ಕ್ಯಾಪಿಟೇಷನ್ ಶುಲ್ಕ ನಿಷೇಧ ಕಾಯಿದೆ ಬಂತು. ಅದರ ಅಡಿಯಲ್ಲಿ 1989ರ ಜೂನ್ 5ರಂದು ಸರ್ಕಾರ ಒಂದು ಅಧಿಸೂಚನೆ ಹೊರಡಿಸಿತು. ಅದರ ಪ್ರಕಾರ ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಉಳಿದ ಸೀಟುಗಳಲ್ಲಿ ಕರ್ನಾಟಕದವರಿಗೆ 25,000 ರೂಪಾಯಿವರೆಗೆ, ಹೊರರಾಜ್ಯದವರಿಗೆ 60,000 ರೂಪಾಯಿವರೆಗೆ ಶುಲ್ಕ.

ಉತ್ತರ ಪ್ರದೇಶದ ಮೀರತ್‌ನ ಮೋಹಿನಿ ಜೈನ್ ಎಂಬ ವಿದ್ಯಾರ್ಥಿನಿ 1991ರಲ್ಲಿ ಆರಂಭವಾಗುವ ಎಂ.ಬಿ.ಬಿ.ಎಸ್. ತರಗತಿಗೆ ತುಮಕೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಅರ್ಜಿ ಹಾಕಿದರು. ಮೊದಲ ವರ್ಷಕ್ಕೆ 60,000 ರೂಪಾಯಿ ಕಟ್ಟಿ, ಉಳಿದ ವರ್ಷಗಳ ಶುಲ್ಕಕ್ಕೆ ಬ್ಯಾಂಕ್ ಗ್ಯಾರಂಟಿ ಕೊಡಬೇಕೆಂದು ಉತ್ತರ ಬಂತು. ಅವರ ತಂದೆಗೆ ಅಷ್ಟು ಶಕ್ತಿ ಇರಲಿಲ್ಲ. ಅವರು ನೇರವಾಗಿ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು.

1992ರ ಜುಲೈ 30ರಂದು ನ್ಯಾಯಮೂರ್ತಿ ಕುಲದೀಪ್ ಸಿಂಗ್ ಮತ್ತು ನ್ಯಾಯಮೂರ್ತಿ ಆರ್.ಎಂ. ಸಹಾಯ್ ಅವರ ಪೀಠ 'ಮೋಹಿನಿ ಜೈನ್ ವಿರುದ್ಧ ಕರ್ನಾಟಕ ರಾಜ್ಯ' ಪ್ರಕರಣದಲ್ಲಿ ತೀರ್ಪು ನೀಡಿತು. 21ನೇ ವಿಧಿಯಲ್ಲಿರುವ ಜೀವಿಸುವ ಹಕ್ಕಿನಲ್ಲೇ ಶಿಕ್ಷಣದ ಹಕ್ಕೂ ಅಡಗಿದೆ, ಘನತೆಯಿಂದ ಬಾಳಲು ಶಿಕ್ಷಣ ಬೇಕೇ ಬೇಕು ಎಂದು ಕೋರ್ಟು ಹೇಳಿತು. ಶಿಕ್ಷಣವನ್ನು ಹಣಕ್ಕೆ ಮಾರುವುದು ಸಮಾನತೆಯ ಹಕ್ಕಿಗೆ ವಿರುದ್ಧವೆಂದು ಆ ಅಧಿಸೂಚನೆಯ ಭಾಗವನ್ನು ರದ್ದುಪಡಿಸಿತು.

ಆದರೆ ಪ್ರಿಯ ವಿದ್ಯಾರ್ಥಿಗಳೇ, ಕೇಸು ಗೆದ್ದ ವಿದ್ಯಾರ್ಥಿನಿಗೆ ಆ ಸೀಟು ಸಿಗಲಿಲ್ಲ. ಮೆರಿಟ್ ಮೇಲೆ ಆಯ್ಕೆಯಾಗಿರಲಿಲ್ಲ, ತರಗತಿಗಳೂ 1991ರಲ್ಲೇ ಶುರುವಾಗಿದ್ದವು ಎಂಬ ಕಾರಣಕ್ಕೆ ಕೋರ್ಟು ಅವರಿಗೆ ಪ್ರವೇಶ ಕೊಡಿಸಲಿಲ್ಲ. ಒಬ್ಬರು ಹೂಡಿದ ಮೊಕದ್ದಮೆಯ ಫಲ ಮುಂದಿನ ತಲೆಮಾರಿಗೆ ದಕ್ಕಿತು. ನಮ್ಮೂರಿನಿಂದ ಬಸ್ಸು ಹತ್ತಿದರೆ ಒಂದು ಗಂಟೆಯಲ್ಲಿ ತಲುಪುವ ಊರಿನ ಒಂದು ಪ್ರವೇಶಪತ್ರದ ಜಗಳ ಇಡೀ ದೇಶದ ಮಕ್ಕಳ ಹಕ್ಕಿನ ಚರಿತ್ರೆಯಲ್ಲಿ ಸೇರಿಕೊಂಡಿದೆ.

ತೀರ್ಪಿನಿಂದ ಕಾಯಿದೆಗೆ

ಈ ತೀರ್ಪು ಎಲ್ಲ ಹಂತದ ಶಿಕ್ಷಣವನ್ನೂ ಹಕ್ಕೆಂದು ಸಾರಿತ್ತು. ಇದನ್ನು ಖಾಸಗಿ ಕಾಲೇಜುಗಳವರು ಪ್ರಶ್ನಿಸಿದರು. 1993ರ ಫೆಬ್ರವರಿ 4ರಂದು ಐವರು ನ್ಯಾಯಮೂರ್ತಿಗಳ ಪೀಠ 'ಉನ್ನಿಕೃಷ್ಣನ್' ಪ್ರಕರಣದಲ್ಲಿ ಅದಕ್ಕೆ ಮಿತಿ ಹಾಕಿತು. ಹದಿನಾಲ್ಕು ವರ್ಷ ತುಂಬುವವರೆಗೆ ಉಚಿತ ಶಿಕ್ಷಣ ಪ್ರತಿ ಮಗುವಿನ ಮೂಲಭೂತ ಹಕ್ಕು. ಆಮೇಲೆ ಆ ಹಕ್ಕು ಸರ್ಕಾರದ ಆರ್ಥಿಕ ಶಕ್ತಿಗೆ ಒಳಪಟ್ಟಿರುತ್ತದೆ ಎಂದಿತು. ಆ ಪೀಠ ಖಾಸಗಿ ಕಾಲೇಜುಗಳಿಗೆ ರೂಪಿಸಿದ ಪ್ರವೇಶ ಮತ್ತು ಶುಲ್ಕದ ಯೋಜನೆಯನ್ನು 2002ರಲ್ಲಿ 'ಟಿ.ಎಂ.ಎ. ಪೈ ಪ್ರತಿಷ್ಠಾನ ವಿರುದ್ಧ ಕರ್ನಾಟಕ ರಾಜ್ಯ' ಪ್ರಕರಣದಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ ತೆಗೆದುಹಾಕಿತು. ಮಕ್ಕಳ ಪ್ರಾಥಮಿಕ ಶಿಕ್ಷಣದ ಹಕ್ಕು ಮಾತ್ರ ಉಳಿಯಿತು.

ಅದೇ 2002ರ ಡಿಸೆಂಬರ್‌ನಲ್ಲಿ 86ನೇ ತಿದ್ದುಪಡಿಯ ಮೂಲಕ 21ಎ ವಿಧಿ ಸಂವಿಧಾನಕ್ಕೆ ಸೇರಿತು. ಜೊತೆಗೆ 51ಎ(ಕೆ) ಎಂಬ ಕರ್ತವ್ಯವೂ ಸೇರಿತು. ಮಗುವಿಗೆ ಕಲಿಯುವ ಅವಕಾಶ ಮಾಡಿಕೊಡುವುದು ತಂದೆತಾಯಿಯ, ಪೋಷಕರ ಕರ್ತವ್ಯ ಎನ್ನುತ್ತದೆ ಅದು. ಶಿಕ್ಷಣ ಹಕ್ಕು ಕಾಯಿದೆ 2009ರಲ್ಲಿ ಅಂಗೀಕಾರವಾಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ತಡವಾಗಿ ಶಾಲೆಗೆ ಸೇರಿದ ಮಗುವಿಗೆ ಹದಿನಾಲ್ಕು ದಾಟಿದರೂ ಎಂಟನೇ ತರಗತಿ ಮುಗಿಯುವವರೆಗೆ ಉಚಿತ ಶಿಕ್ಷಣ ಕೊಡಬೇಕೆಂದು ಅದರಲ್ಲೇ ಇದೆ.

ನಮ್ಮ ಸಂಘದವರು ಗಮನಿಸಬೇಕಾದ ಇನ್ನೊಂದು ಮಾತಿದೆ. 2014ರ ಮೇ 6ರಂದು 'ಪ್ರಮತಿ' ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅಲ್ಪಸಂಖ್ಯಾತರ ಶಾಲೆಗಳಿಗೆ ಈ ಕಾಯಿದೆ ಅನ್ವಯಿಸದೆಂದು ಹೇಳಿತು. ಅದನ್ನು ಮತ್ತೆ ಪರಿಶೀಲಿಸಬೇಕೆಂದು 2025ರಲ್ಲಿ ಇನ್ನೊಂದು ಪೀಠ ಅಭಿಪ್ರಾಯಪಟ್ಟಿತು. ಕೋರ್ಟಿನಲ್ಲಿ ಏನಾದರೂ ಆಗಲಿ, 30ನೇ ವಿಧಿ ನಮಗೆ ಶಾಲೆ ಕಟ್ಟುವ, ನಡೆಸುವ ಸ್ವಾತಂತ್ರ್ಯ ಕೊಟ್ಟಿದೆ. ಬಡ ಮಗುವನ್ನು ಹೊರಗಿಡುವುದಕ್ಕೆ ಆ ಸ್ವಾತಂತ್ರ್ಯ ನೆಪವಾಗಬಾರದು.

ಮರುದಿನದ ಉತ್ತರ

ಮರುದಿನ ಅದೇ ತರಗತಿಗೆ ಹೋಗಿ ಇಷ್ಟು ಹೇಳಿದೆ: "ನಿನ್ನ ಹಕ್ಕು ಮುಗಿದಿಲ್ಲಮ್ಮ. ಹದಿನಾಲ್ಕರವರೆಗೆ ಕೊಡಲೇಬೇಕೆಂದು ಕಾಯಿದೆ ಸರ್ಕಾರದ ಕೈ ಹಿಡಿದಿದೆ. ಆಮೇಲೆ ಆ ಹಿಡಿತ ಸಡಿಲವಾಗಿದೆ. ಅಲ್ಲಿಂದ ಮುಂದೆ ನಿನ್ನ ಮನೆಯವರು, ನಾವು ಮೇಷ್ಟ್ರುಗಳು, ನಮ್ಮ ಸಮಾಜ ಹಿಡಿದುಕೊಳ್ಳಬೇಕು."

"ಇದನ್ನ ಅಬ್ಬಾಗೆ ಬಂದು ಹೇಳ್ತೀರಾ ಸರ್?" ಎಂದಳು. ಹೋಗಿ ಹೇಳಿದೆ. ಒಂದೇ ಸಲಕ್ಕೆ ಆಗಲಿಲ್ಲ, ಮೂರು ಸಲ ಹೋದೆ. ಅವರು ಕೆಟ್ಟವರಲ್ಲ. ಮನೆಯ ಖರ್ಚು, ಹೈಸ್ಕೂಲಿನ ದೂರ, ಮಗಳ ಬಗೆಗಿನ ಅಂಜಿಕೆ, ಮೂರೂ ನಿಜ. ಕೊನೆಗೆ "ಹತ್ತನೇದು ಮುಗಿಸಲಿ ಮಾಸ್ಟರೇ, ಆಮೇಲೆ ನೋಡೋಣ" ಎಂದರು. ಸದ್ಯಕ್ಕೆ ಅಷ್ಟು ಸಾಕು.

ಕಾಯಿದೆಯ ಲೆಕ್ಕದಲ್ಲಿ ಹೆಣ್ಣುಮಕ್ಕಳ ಮದುವೆಯ ವಯಸ್ಸು 18. ಶಿಕ್ಷಣದ ಖಾತ್ರಿ 14ಕ್ಕೆ ನಿಲ್ಲುತ್ತದೆ. ನಡುವಿನ ಈ ನಾಲ್ಕು ವರ್ಷಗಳಲ್ಲೇ ನಾವು ಮಕ್ಕಳನ್ನು ಕಳೆದುಕೊಳ್ಳುತ್ತಿದ್ದೇವೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ 18 ವರ್ಷದವರೆಗಿನ ಶಿಕ್ಷಣದ ಮಾತಾಡಿದೆ. ನೀತಿ ಬೇರೆ, ಹಕ್ಕು ಬೇರೆ. ನೀತಿಯನ್ನು ಹಿಡಿದು ಕೋರ್ಟಿನಲ್ಲಿ ಕೇಳಲಾಗದು.

ಸಂಘದ ಹಿರಿಯರಲ್ಲಿ ನನ್ನದೊಂದು ವಿನಂತಿ. ನಮ್ಮ ಉರ್ದು ಪ್ರಾಥಮಿಕ ಶಾಲೆಗಳಲ್ಲಿ ಏಳನೆಯದೋ ಎಂಟನೆಯದೋ ಮುಗಿಸಿದ ಮಗು ಬೇರೆ ಶಾಲೆಗೆ ಹೋಗಬೇಕು. ಅದಕ್ಕೆ ಟಿ.ಸಿ. ಬೇಕು. ಜೂನ್ ಕೊನೆಯಾದರೂ ಮುಖ್ಯೋಪಾಧ್ಯಾಯರ ಬೀರುವಿನಲ್ಲಿ ಯಾರ ಟಿ.ಸಿ. ಹಾಗೇ ಉಳಿದಿದೆಯೋ ಆ ಮಗು ಎಲ್ಲಿಯೂ ಸೇರಿಲ್ಲವೆಂದೇ ತಿಳಿಯಬೇಕು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ತಾಲ್ಲೂಕುಗಳಲ್ಲಿ ನಮ್ಮ ಸದಸ್ಯರಿದ್ದಾರೆ. ಒಬ್ಬೊಬ್ಬರು ಒಂದೊಂದು ಶಾಲೆಯ ಆ ಬೀರುವನ್ನು ನೋಡಿ, ಆ ಮನೆಗಳಿಗೆ ಹೋಗಿಬಂದರೆ ಸಾಕು.

ವಿದ್ಯಾರ್ಥಿಗಳೇ, ನಿಮ್ಮ ಪಕ್ಕದಲ್ಲಿ ಕೂರುತ್ತಿದ್ದವರು ಈ ವರ್ಷ ಬಂದಿಲ್ಲವಾದರೆ ನಿಮ್ಮ ಶಿಕ್ಷಕರಿಗೆ ಹೇಳಿ. ಯಾರೋ ಒಬ್ಬರು ಎದ್ದು ನಿಂತು ಕೇಳಿದ್ದರಿಂದಲೇ ಈ ಹಕ್ಕು ಬಂದದ್ದು. ನೀವೂ ಕೇಳುವುದನ್ನು ಬಿಡಬೇಡಿ.