ಉದ್ಯಮಿ ಹುಟ್ಟಿ ಬರಬೇಕೇ? ಕಾಕಿನಾಡದ ಉತ್ತರ

ಪದವಿ ಮುಗಿಸಿದ ಮಗ ಕೆಲಸಕ್ಕೆ ಅರ್ಜಿ ಹಾಕುವುದನ್ನು ಬಿಟ್ಟು ಸ್ವಂತ ವರ್ಕ್‌ಶಾಪ್ ತೆರೆಯುತ್ತೇನೆ ಎಂದರೆ ಮನೆಯಲ್ಲಿ ಮೊದಲು ಕೇಳಿಬರುವ ಮಾತು, 'ನಮ್ಮ ವಂಶದಲ್ಲಿ ಯಾರು ವ್ಯಾಪಾರ ಮಾಡಿದ್ದಾರೆ?' ವ್ಯಾಪಾರ ರಕ್ತದಲ್ಲೇ ಬರಬೇಕು, ಕಲಿತು ಬರುವುದಲ್ಲ ಎಂಬ ನಂಬಿಕೆ ನಮ್ಮಲ್ಲಿ ಅಷ್ಟು ಗಟ್ಟಿ. ಈ ನಂಬಿಕೆಯನ್ನು ಒರೆಗೆ ಹಚ್ಚಿದ ಪ್ರಯೋಗವೊಂದು 1964ರಲ್ಲಿ ನೆರೆಯ ಆಂಧ್ರ ಪ್ರದೇಶದ ಕಡಲತೀರದ ಊರಾದ ಕಾಕಿನಾಡದಲ್ಲಿ ಆರಂಭವಾಯಿತು.

ಅದರ ರೂವಾರಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್ಲೆಲ್ಯಾಂಡ್. ಸಮಾಜವೊಂದರ ಆರ್ಥಿಕ ಏಳಿಗೆಯಲ್ಲಿ ಅಲ್ಲಿನ ಜನರ ಸಾಧನೆಯ ಹಂಬಲಕ್ಕೂ ದೊಡ್ಡ ಪಾಲಿದೆ ಎಂದು 1961ರ 'ದಿ ಅಚೀವಿಂಗ್ ಸೊಸೈಟಿ' ಗ್ರಂಥದಲ್ಲಿ ಅವರು ವಾದಿಸಿದ್ದರು. ಈ ಹಂಬಲವನ್ನು ವಿವರಿಸಲು ಅವರು ಬಳಸುತ್ತಿದ್ದ ಉದಾಹರಣೆ ಬಳೆ ಎಸೆಯುವ ಆಟ. ನೆಟ್ಟ ಗೂಟಕ್ಕೆ ಎಷ್ಟು ದೂರದಿಂದ ಬೇಕಾದರೂ ಬಳೆ ಎಸೆಯಬಹುದು. ಕೆಲವರು ಗೂಟದ ಪಕ್ಕದಲ್ಲೇ ನಿಲ್ಲುತ್ತಾರೆ, ಕೆಲವರು ಅದೃಷ್ಟ ನಂಬಿ ತೀರಾ ದೂರ ಹೋಗುತ್ತಾರೆ. ಸಾಧನೆಯ ಹಂಬಲವುಳ್ಳವರು ಕಷ್ಟವಾದರೂ ಪ್ರಯತ್ನಕ್ಕೆ ನಿಲುಕುವಷ್ಟು ದೂರ ಆರಿಸಿಕೊಳ್ಳುತ್ತಾರೆ. ಒಳ್ಳೆಯ ಉದ್ಯಮಿಯ ಲೆಕ್ಕಾಚಾರವೂ ಇದೇ.

ಹಾಗಾದರೆ ಈ ಗುಣವನ್ನು ದೊಡ್ಡವರಾದ ಮೇಲೆ ಕಲಿಸಬಹುದೇ? 1962ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡಿದ್ದ ಸಣ್ಣ ಕೈಗಾರಿಕೆಗಳ ತರಬೇತಿ ಸಂಸ್ಥೆಯ ಸಹಕಾರದಲ್ಲಿ ಕಾಕಿನಾಡದ ವರ್ತಕರು ಹಾಗೂ ಸಣ್ಣ ಉದ್ಯಮಿಗಳಿಗೆ ತಂಡತಂಡವಾಗಿ ತರಬೇತಿ ನೀಡಲಾಯಿತು. ಚಿತ್ರ ನೋಡಿ ಕತೆ ಬರೆಯುವುದು, ಆಟವಾಡುವುದು, ತಮ್ಮ ಗುರಿಯನ್ನು ತಾವೇ ನಿಗದಿ ಮಾಡಿಕೊಳ್ಳುವುದು ಪಾಠದ ತಿರುಳಾಗಿತ್ತು. ಹೋಲಿಕೆಗಾಗಿ, ತರಬೇತಿ ಪಡೆಯದ ವ್ಯಾಪಾರಿಗಳನ್ನೂ ಗಮನಿಸಲಾಯಿತು.

ಫಲಿತಾಂಶ 1969ರಲ್ಲಿ ಪುಸ್ತಕವಾಗಿ ಹೊರಬಂತು. ತರಬೇತಿ ಪಡೆದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಮುಂದಿನ ವರ್ಷಗಳಲ್ಲಿ ವ್ಯವಹಾರ ವಿಸ್ತರಿಸಲು ಹೊಸ ಹೆಜ್ಜೆ ಇಟ್ಟಿದ್ದರು. ಉಳಿದವರಲ್ಲಿ ಈ ಪ್ರಮಾಣ ಕಾಲುಭಾಗದಷ್ಟಿತ್ತು. ಜಾತಿ, ಸಂಪ್ರದಾಯ, ಉಡುಪು ಇವು ಯಾರ ಕಾಲನ್ನೂ ಹಿಡಿದೆಳೆದಿರಲಿಲ್ಲ. ಭಾರತೀಯರ ನಂಬಿಕೆಗಳೇ ಉದ್ಯಮಕ್ಕೆ ಅಡ್ಡಿ ಎನ್ನುತ್ತಿದ್ದ ಪಾಶ್ಚಾತ್ಯ ವಿದ್ವಾಂಸರಿಗೂ ಇದು ಉತ್ತರವಾಯಿತು.

ಟೀಕೆಗಳೂ ಬಂದವು. ತರಬೇತಿ ಪಡೆದವರು ಮೊದಲೇ ವ್ಯಾಪಾರದಲ್ಲಿದ್ದವರು, ಕೈ ಬರಿದಾದ ನಿರುದ್ಯೋಗಿಗಳಲ್ಲ. ಸಾಲ, ಲೈಸೆನ್ಸ್, ಮಾರುಕಟ್ಟೆ ಇಲ್ಲದಿದ್ದರೆ ಬರೀ ಹಂಬಲದಿಂದ ಏನಾದೀತು? ಮನಸ್ಸು ಮಾಡಿದರೆ ಸಾಕು ಎಂಬ ಮಾತಿನಲ್ಲಿ ಒಂದು ಅಪಾಯವೂ ಇದೆ. ಸೋತವನಿಗೆ, ನಿನ್ನ ಮನಸ್ಸೇ ಸರಿಯಿಲ್ಲ ಎಂದು ಹೇಳಿ ಕೈತೊಳೆದುಕೊಳ್ಳಬಹುದು.

ಆದರೂ ವಿಚಾರ ಕಾಕಿನಾಡದಲ್ಲೇ ನಿಲ್ಲಲಿಲ್ಲ. 1970ರಲ್ಲಿ ಗುಜರಾತಿನಲ್ಲಿ ಹೊಸ ಉದ್ಯಮಿಗಳಿಗೆ ತರಬೇತಿ ಶುರುವಾಯಿತು. 1983ರಲ್ಲಿ ಅಹಮದಾಬಾದಿನಲ್ಲಿ ಇದಕ್ಕೆಂದೇ ರಾಷ್ಟ್ರೀಯ ಸಂಸ್ಥೆ ಹುಟ್ಟಿತು. ಮೆಕ್ಲೆಲ್ಯಾಂಡರ ಸಂಶೋಧನೆಯನ್ನು ಆಧರಿಸಿದ ವಿಶ್ವಸಂಸ್ಥೆಯ 'ಎಂಪ್ರೆಟೆಕ್' ತರಬೇತಿ 1988ರಲ್ಲಿ ದೂರದ ಅರ್ಜೆಂಟೀನಾದಲ್ಲಿ ಆರಂಭವಾಗಿ ಹಲವಾರು ದೇಶಗಳಿಗೆ ಹಬ್ಬಿತು.

ಟೀಕಾಕಾರರು ತೋರಿಸಿದ ಕೊರತೆ ತುಂಬುವ ಪ್ರಯತ್ನವೊಂದು ನಮ್ಮ ನಾಡಿನಲ್ಲೇ ನಡೆಯಿತು. 1982ರಲ್ಲಿ ಬೆಳ್ತಂಗಡಿ ತಾಲ್ಲೂಕಿನ ಉಜಿರೆಯಲ್ಲಿ ಧರ್ಮಸ್ಥಳದ ಡಿ. ವೀರೇಂದ್ರ ಹೆಗ್ಗಡೆಯವರ ಮುಂದಾಳುತನದಲ್ಲಿ, ಸಿಂಡಿಕೇಟ್ ಹಾಗೂ ಕೆನರಾ ಬ್ಯಾಂಕುಗಳ ಜತೆಗೂಡಿ ಸ್ಥಾಪನೆಯಾದ ರುಡ್‌ಸೆಟ್ ಸಂಸ್ಥೆ ನಿರುದ್ಯೋಗಿ ಯುವಜನರಿಗೆ ಊಟ, ವಸತಿಯೊಡನೆ ಉಚಿತ ತರಬೇತಿ ನೀಡಿತು. ಪಾಠ ಮುಗಿದೊಡನೆ ಕೈಬಿಡದೆ, ಬ್ಯಾಂಕ್ ಸಾಲಕ್ಕೆ ದಾರಿ ತೋರಿ, ಉದ್ಯೋಗ ನೆಲೆ ನಿಲ್ಲುವವರೆಗೆ ಬೆನ್ನಹಿಂದೆ ನಿಂತಿತು. 2009ರಲ್ಲಿ ಕೇಂದ್ರ ಸರ್ಕಾರ ಇದೇ ಮಾದರಿಯನ್ನು ದೇಶದ ಜಿಲ್ಲೆಗಳಿಗೆ ವಿಸ್ತರಿಸಲು ಹೊರಟಿತು. 2020ರಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾದಲ್ಲಿ ವಿಲೀನವಾಯಿತಾದರೂ ಉಜಿರೆಯ ಮಾದರಿ ಉಳಿಯಿತು.

ವ್ಯಾಪಾರ ರಕ್ತದಲ್ಲಿ ಬರಬೇಕಾಗಿಲ್ಲ ಎಂಬುದು ಕಾಕಿನಾಡದ ಪಾಠ. ಕಲಿಸಿದರಷ್ಟೇ ಸಾಲದು, ಜತೆಗೆ ನಿಲ್ಲಬೇಕು ಎಂಬುದು ಉಜಿರೆಯ ಪಾಠ. ವರ್ಕ್‌ಶಾಪ್ ತೆರೆಯುತ್ತೇನೆಂಬ ಮಗನಿಗೆ ಮನೆಯವರು ಇನ್ನು ವಂಶದ ಪ್ರಶ್ನೆ ಕೇಳಬೇಕಾಗಿಲ್ಲ. ಎಲ್ಲಿ ಕಲಿಯುತ್ತೀ, ಸಾಲ ಎಲ್ಲಿಂದ ತರುತ್ತೀ ಎಂದು ಕೇಳಿದರೆ ಸಾಕು.